ಹಿತ್ತಲಲ್ಲೊಂದು ಮುಯ್ಯಾಳು ಭಾನುವಾರ: ಮನೆಯ ಹಿಂದೆ ಪರ್ಮಾಕಲ್ಚರ್ ಕೂಟ ನಡೆಸುವುದು ಹೇಗೆ?

ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. "ಮನೆ ಹಿಂದೆ ಒಂದಿಷ್ಟು ಜಾಗ ಇದೆ. ಅಕ್ಕಪಕ್ಕದವರು, ಸ್ನೇಹಿತರು ಬಂದು ಕೈ ಹಾಕೋಕೆ ತಯಾರಿದ್ದಾರೆ. ಪರ್ಮಾಕಲ್ಚರ್ ಅಂತಾರಲ್ಲ, ಆ ರೀತಿ ಹಿತ್ತಲು ಮಾಡ್ಕೋಬೇಕು. ಜನ ಬಂದ ದಿನ ಏನು ಮಾಡಿಸೋದು, ಅದಕ್ಕೆ ಮೊದಲು ಏನು ತಯಾರಿ ಬೇಕು?" ಒಬ್ಬೊಬ್ಬರಿಗೂ ತುಂಡು ತುಂಡಾಗಿ ಹೇಳುವ ಬದಲು ಪೂರ್ತಿ ವಿಷಯ ಇಲ್ಲಿ ಬರೆದಿದ್ದೇನೆ.

ಹೊಸಬರಿಗಾಗಿ ಮೊದಲು ಎರಡು ಮಾತು. ಪರ್ಮಾಕಲ್ಚರ್ ಎಂಬುದು 1970ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ರೂಪಿಸಿದ ವಿನ್ಯಾಸದ ಕ್ರಮ. ನಮ್ಮಲ್ಲಿ ಶಾಶ್ವತ ಕೃಷಿ ಅನ್ನುವವರೂ ಇದ್ದಾರೆ. ಇಂಥದೇ ಗೊಬ್ಬರ ಹಾಕಬೇಕು, ಇಂಥದೇ ಬೆಳೆ ಇಡಬೇಕು ಎಂಬ ಪಟ್ಟಿ ಅದರಲ್ಲಿಲ್ಲ. ಮನೆ, ಮಳೆನೀರು, ಬಚ್ಚಲ ನೀರು, ಇಳಿಜಾರು, ಬಿಸಿಲು, ಗಿಡ, ಕೋಳಿ, ಜನ ಎಲ್ಲವೂ ಒಂದಕ್ಕೊಂದು ಒದಗಿ ಬರುವ ಹಾಗೆ ಜಾಗವನ್ನು ಜೋಡಿಸುವುದೇ ಅದರ ತಿರುಳು. ಭೂಮಿಯ ಆರೈಕೆ, ಜನರ ಆರೈಕೆ, ಹೆಚ್ಚಾದದ್ದನ್ನು ಹಂಚಿಕೊಳ್ಳುವುದು, ಈ ಮೂರು ಅದರ ನೀತಿ.

ಒಂದು ದಿನ ಹತ್ತಾರು ಜನ ಸೇರಿ ಒಬ್ಬರ ಹಿತ್ತಲನ್ನು ಸರಿಮಾಡುವ ರೂಢಿ ಮೆಲ್ಬರ್ನ್ ನಗರದಲ್ಲಿ 2006ರಲ್ಲಿ ಶುರುವಾಯಿತು. ಪರ್ಮಾಬ್ಲಿಟ್ಜ್ ಎಂದು ಅದರ ಹೆಸರು. ಬೇರೆಯವರ ಮನೆಗೆ ಹೋಗಿ ದುಡಿದವರ ಮನೆಗೆ ಮಿಕ್ಕವರು ಬರುತ್ತಾರೆ. ನಾಟಿಗೆ, ಕಳೆ ಕೀಳಲು, ಒಕ್ಕಣೆಗೆ ಮುಯ್ಯಾಳು ಹೋಗಿ ಬೆಳೆದ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಕೂಟವೂ ಮುಯ್ಯಿಯ ಲೆಕ್ಕದಲ್ಲೇ ನಡೆಯಲಿ. ಭಾಷಣ ಕೇಳಿಸಿ, ಊಟ ಹಾಕಿ, ಫೋಟೊ ತೆಗೆಸಿಕೊಂಡು ಕಳಿಸುವ ಕಾರ್ಯಕ್ರಮವಾದರೆ ಎರಡನೇ ಸಲಕ್ಕೆ ಜನ ಬರುವುದಿಲ್ಲ. ಹಿಡಿದ ಕೆಲಸ ಸಣ್ಣದಿರಲಿ, ಆ ದಿನವೇ ಮುಗಿಯಲಿ, ಮುಂದಿನ ಮೂರು ತಿಂಗಳು ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಮೊದಲೇ ಗೊತ್ತಾಗಿರಲಿ. ಕೆಳಗಿನ ಎಲ್ಲ ಹಂತಗಳೂ ಇದರ ಸುತ್ತಲೇ ಇವೆ.

ಹಂತ 1: ನಿಮ್ಮ ತಾಲ್ಲೂಕಿನ ಮಳೆ ನೋಡಿ ದಿನ ಗೊತ್ತು ಮಾಡಿ

ಈ ಎರಡು ಜಿಲ್ಲೆಗಳಲ್ಲಿ ಎಲ್ಲರಿಗೂ ಹೊಂದುವ ಒಂದು ದಿನ ಎಂಬುದಿಲ್ಲ. ಸಕಲೇಶಪುರದಲ್ಲಿ ವರ್ಷದ ಮಳೆ 2000 ಮಿ.ಮೀ. ದಾಟುತ್ತದೆ. ಅದೇ ಜಿಲ್ಲೆಯ ಅರಸೀಕೆರೆಯಲ್ಲಿ 700 ಮಿ.ಮೀ. ಆಸುಪಾಸು. ಚಿಕ್ಕಮಗಳೂರಿನಲ್ಲೂ ಹಾಗೇ. ಮೂಡಿಗೆರೆ, ಕೊಪ್ಪ, ಶೃಂಗೇರಿ ಒಂದು ಲೋಕ, ಕಡೂರು ಇನ್ನೊಂದು ಲೋಕ.

ಮಲೆನಾಡಿನ ಕಡೆಯವರು ಮಣ್ಣು ಅಗೆಯುವ ಕೆಲಸವನ್ನೆಲ್ಲ ಮೇ ತಿಂಗಳೊಳಗೆ, ಅಂದರೆ ಭರಣಿ, ಕೃತ್ತಿಕೆ ಮಳೆಗೆ ನೆಲ ಮೆತ್ತಗಾದ ಕೂಡಲೇ ಮುಗಿಸಿಕೊಳ್ಳಿ. ಆರಿದ್ರಾ ಮಳೆ ಹಿಡಿದ ಮೇಲೆ ಗುದ್ದಲಿ ಹಾಕಿದರೆ ಮೇಲ್ಮಣ್ಣು ಕೆಸರಾಗಿ ಹರಿದು ಹೋಗುತ್ತದೆ. ಹಾಸನ ನಗರ, ಚನ್ನರಾಯಪಟ್ಟಣ, ಅರಸೀಕೆರೆ, ಕಡೂರು ಕಡೆಯವರಿಗೆ ರೋಹಿಣಿಯಿಂದ ಮೃಗಶಿರಾವರೆಗೆ ಅವಕಾಶ ಇದೆ. ಇದು ತಪ್ಪಿದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನ ಹಿಂಗಾರು ಎರಡನೇ ಒಳ್ಳೆಯ ಹೊತ್ತು.

ಜನರ ಬಿಡುವನ್ನೂ ನೋಡಬೇಕು. ಕಾಫಿ ಸೀಮೆಯಲ್ಲಿ ಅರೇಬಿಕಾ ಹಣ್ಣು ಕೀಳಲು ಶುರುವಾದಾಗಿನಿಂದ ರೊಬಸ್ಟಾ ಮುಗಿಯುವವರೆಗೆ ಯಾರನ್ನೂ ಕರೆಯಬೇಡಿ, ಬಂದರೂ ಮನಸ್ಸು ಕಣದಲ್ಲಿರುತ್ತದೆ. ಹಾಸನದಲ್ಲಿ ಹಾಸನಾಂಬ ದರ್ಶನದ ದಿನಗಳನ್ನು ಬಿಟ್ಟುಬಿಡಿ. ನಿಮ್ಮ ಊರಹಬ್ಬದ ವಾರವೂ ಬೇಡ.

ಹಂತ 2: ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಮೊದಲು ಅದನ್ನು ನೋಡಿ

ಇದು ಅತಿ ಮುಖ್ಯವಾದ ಹಂತ. ಹೆಚ್ಚಿನವರು ಇದನ್ನೇ ಹಾರಿಸಿ ನೇರ ಗಿಡ ಕೊಳ್ಳಲು ಹೋಗುತ್ತಾರೆ.

ಕೂಟಕ್ಕೆ ಕನಿಷ್ಠ ಒಂದು ತಿಂಗಳು ಮೊದಲು, ಜೋರು ಮಳೆ ಬಂದಾಗ ಕೊಡೆ ಹಿಡಿದು ಹಿತ್ತಲಿಗೆ ಹೋಗಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಪಕ್ಕದ ಮನೆಯಿಂದ ಎಲ್ಲಿ ನುಗ್ಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೆಂಪಗೆ ಹರಿಯುತ್ತದೆ, ಇಷ್ಟನ್ನು ಒಂದು ಹಾಳೆಯಲ್ಲಿ ಬಾಣ ಹಾಕಿ ಗುರುತು ಮಾಡಿ. ಕೆಂಪಗೆ ಹರಿಯುವ ಕಡೆ ಮಣ್ಣು ಕಳೆದುಕೊಳ್ಳುತ್ತಿದ್ದೀರಿ. ಮಳೆ ನಿಂತು ಒಂದು ಗಂಟೆಯ ಮೇಲೂ ನೀರು ನಿಂತಿರುವ ಕಡೆ ನುಗ್ಗೆ, ಪಪ್ಪಾಯಿ ಇಟ್ಟರೆ ಬೇರು ಕೊಳೆಯುತ್ತದೆ. ಅದೇ ಜಾಗ ಕೆಸುವಿಗೆ ಹೇಳಿ ಮಾಡಿಸಿದ್ದು.

ನೀರಿನ ಪ್ರಮಾಣ ಅಂದಾಜು ಮಾಡುವುದು ಸುಲಭ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್. ನಿಮ್ಮ ಮಾಡು 1000 ಚದರ ಅಡಿ ಇದ್ದರೆ ಸುಮಾರು 93 ಚದರ ಮೀಟರ್ ಆಯಿತು. 10 ಮಿ.ಮೀ. ಮಳೆಗೆ 930 ಲೀಟರ್ ನೀರು ಸೂರಿನಿಂದ ಇಳಿಯುತ್ತದೆ. ಇಷ್ಟು ನೀರನ್ನು ನಿಮ್ಮ ಹಿತ್ತಲು ಕುಡಿಯಬಲ್ಲದೇ ಎಂದು ತಿಳಿಯಲು ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ. ನೀರು ತುಂಬಿಸಿ, ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ. ಎರಡನೇ ಸಲದ ನೀರು ಒಂದೆರಡು ಗಂಟೆಯಲ್ಲಿ ಇಳಿದರೆ ನೆಲ ಚೆನ್ನಾಗಿ ಇಂಗಿಸುತ್ತದೆ. ಮಾರನೇ ಬೆಳಗ್ಗೆಯೂ ನಿಂತಿದ್ದರೆ ಅಲ್ಲಿ ಗುಂಡಿಯ ಯೋಜನೆ ಬಿಡಿ, ಏರುಮಡಿ ಮಾಡಿ.

ಪರ್ಮಾಕಲ್ಚರ್ ವಿಡಿಯೊ ನೋಡಿದವರೆಲ್ಲ ಮೊದಲು ಕೇಳುವುದು ಸ್ವೇಲ್ ಬಗ್ಗೆ. ಸ್ವೇಲ್ ಎಂದರೆ ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ತೆಗೆದ ಇಂಗು ಕಾಲುವೆ. ನೀರು ಅದರಲ್ಲಿ ಹರಿಯುವುದಿಲ್ಲ, ನಿಂತು ಇಂಗುತ್ತದೆ. ಕಾಫಿ ತೋಟದವರು ಗಿಡಗಳ ಸಾಲಿನ ನಡುವೆ ತೆಗೆಯುವ ತೊಟ್ಟಿಲು ಗುಂಡಿಯ ಉದ್ದೇಶವೂ ಇದೇ. ಕಡೂರು, ಅರಸೀಕೆರೆಯಂಥ ಕಡೆ ಇದು ಬಂಗಾರದಂಥ ಕೆಲಸ. ಆದರೆ ಮಲೆನಾಡಿನ ಕಡಿದಾದ ಇಳಿಜಾರಿನಲ್ಲಿ, ಮನೆಯ ಮೇಲ್ಭಾಗದಲ್ಲಿ, ತಡೆಗೋಡೆಯ ಹಿಂದೆ ಇಂಗು ಕಾಲುವೆ ತೋಡಲೇಬೇಡಿ. ನೀರು ಕುಡಿದು ಭಾರವಾದ ಮಣ್ಣು ಜಾರಿದರೆ ತಡೆಯುವವರಿಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದದ್ದನ್ನು ಕಂಡ ಜಿಲ್ಲೆ ಇದು. ಅಂಥಲ್ಲಿ ನಿಮಗೆ ಬೇಕಾದದ್ದು ಬಸಿಗಾಲುವೆ, ಅಂದರೆ ಹೆಚ್ಚಾದ ನೀರನ್ನು ಮೆಲ್ಲಗೆ ಹೊರಗೆ ಕರೆದೊಯ್ಯುವ ದಾರಿ, ಅದರ ಅಂಚಿಗೆ ಲಾವಂಚ ಇಲ್ಲವೇ ನಿಂಬೆಹುಲ್ಲು. ಯಾವ ತಾಲ್ಲೂಕಾದರೂ ಸರಿ, ಮನೆಯ ತಳಪಾಯದಿಂದ ಹತ್ತು ಅಡಿ ಒಳಗೆ ನೀರು ಇಂಗಿಸುವ ಯಾವ ಕೆಲಸವೂ ಬೇಡ.

ಮಟ್ಟ ಹಿಡಿಯಲು ದೊಡ್ಡ ಉಪಕರಣ ಬೇಕಿಲ್ಲ. ಗಾರೆ ಕೆಲಸದವರ ಲೆವೆಲ್ ಪೈಪ್ ಸಾಕು. ಇಲ್ಲದಿದ್ದರೆ ಎ-ಫ್ರೇಮ್ ಕಟ್ಟಿಕೊಳ್ಳಿ: ಆರು ಅಡಿಯ ಎರಡು ಗಳುಗಳ ತುದಿ ಸೇರಿಸಿ ಬಿಗಿದು, ನಡುವೆ ಅಡ್ಡಪಟ್ಟಿ ಕಟ್ಟಿ, ತುದಿಯಿಂದ ದಾರಕ್ಕೆ ಕಲ್ಲು ಇಳಿಬಿಡಿ. ಎರಡು ಕಾಲೂ ಊರಿದ ಜಾಗಕ್ಕೆ ಗೂಟ ಹೊಡೆದು, ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಸೀಮೆಸುಣ್ಣದ ಗೆರೆ ಹಾಕಿ. ಈಗ ಕಾಲುಗಳನ್ನು ಅದಲು ಬದಲು ಮಾಡಿ ಅದೇ ಗೂಟಗಳ ಬಳಿ ನಿಲ್ಲಿಸಿ ಇನ್ನೊಂದು ಗೆರೆ ಹಾಕಿ. ಎರಡೂ ಗೆರೆಗಳ ನಟ್ಟನಡುವೆ ಇರುವುದೇ ನಿಮ್ಮ ಮಟ್ಟದ ಗುರುತು. ಕೂಟಕ್ಕೆ ಬಂದ ಮಕ್ಕಳಿಗೆ ಇದನ್ನು ಕೊಟ್ಟು ನೋಡಿ, ಹಿತ್ತಲಿನ ಉದ್ದಕ್ಕೂ ಗೂಟ ಹೊಡೆದು ಬರುತ್ತಾರೆ. ಕಣ್ಣಿಗೆ ಚಪ್ಪಟೆಯಾಗಿ ಕಂಡ ನೆಲ ಎಷ್ಟು ಓರೆಯಾಗಿದೆ ಎಂದು ದೊಡ್ಡವರಿಗೂ ಆಗಲೇ ಗೊತ್ತಾಗುವುದು.

ಹಂತ 3: ಮಣ್ಣು

ಮುಕ್ಕಾಲು ಲೀಟರ್‌ನ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಮಿಕ್ಕದ್ದಕ್ಕೆ ನೀರು, ಚಿಟಿಕೆ ಬಟ್ಟೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಅಲುಗದ ಹಾಗೆ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಗೋಡುಮಣ್ಣು ಕೆಲವು ಗಂಟೆಗಳಲ್ಲಿ, ಜೇಡಿ ಒಂದು ದಿನ ಇಲ್ಲವೇ ಅದಕ್ಕೂ ಹೆಚ್ಚು ಹೊತ್ತಿಗೆ. ಪದರಗಳ ದಪ್ಪ ನೋಡಿದರೆ ನಿಮ್ಮ ಮಣ್ಣಿನ ಗುಣ ತಿಳಿಯುತ್ತದೆ.

ಹುಳಿ, ಕ್ಷಾರದ ಅಂಶ ಹೀಗೆ ತಿಳಿಯದು. ಅದಕ್ಕೆ ಹಾಸನದವರು ಕಂದಲಿಯ ಕೃಷಿ ವಿಜ್ಞಾನ ಕೇಂದ್ರವನ್ನು, ಚಿಕ್ಕಮಗಳೂರಿನವರು ಮೂಡಿಗೆರೆಯ ಕೇಂದ್ರವನ್ನು ಮಣ್ಣು ಪರೀಕ್ಷೆಗೆ ವಿಚಾರಿಸಿ. ಹಿತ್ತಲಿನ ನಾಲ್ಕೈದು ಕಡೆ ಅರ್ಧ ಅಡಿ ಆಳದಿಂದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ. ಕೊಟ್ಟರೆ ಸಾಕು. ಮಳೆ ಹೆಚ್ಚಿರುವ ಕಡೆ ಮಣ್ಣು ಹುಳಿಯಾಗಿರುವುದೇ ಹೆಚ್ಚು. ಹಂಡೆ ಒಲೆಯ ಬೂದಿಯನ್ನು ತೆಳುವಾಗಿ ಉದುರಿಸಿದರೆ ಅನುಕೂಲ. ಆದರೆ ಬೂದಿಯನ್ನು ಹಸಿ ಸಗಣಿ, ಗಂಜಲದ ಜೊತೆ ಬೆರೆಸಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗಿಬಿಡುತ್ತದೆ.

ಹೊಸ ಬಡಾವಣೆಯ ಸೈಟಿನವರಿಗೆ ಒಂದು ಮಾತು. ಮನೆ ಕಟ್ಟಿದಾಗ ಹೂತುಹಾಕಿದ ಸಿಮೆಂಟು, ಇಟ್ಟಿಗೆ ಚೂರು ಒಂದು ಅಡಿ ಕೆಳಗೇ ಸಿಗುತ್ತದೆ. ಜನ ಬಂದ ದಿನ ಹಾರೆ ಹಾಕಿ ಅದನ್ನು ಕಾಣುವುದಕ್ಕಿಂತ ಮೊದಲೇ ಎರಡು ಕಡೆ ಅಗೆದು ನೋಡಿ.

ಹಂತ 4: ಆ ದಿನಕ್ಕೆ ಒಂದೇ ಕೆಲಸ, ಹೆಚ್ಚೆಂದರೆ ಎರಡು

30x40 ಸೈಟಿನ ಹಿತ್ತಲಿಗೆ ಹನ್ನೆರಡರಿಂದ ಹದಿನೈದು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಅರ್ಧ ಜನ ನಿಂತು ನೋಡುತ್ತಾರೆ. ಇಷ್ಟು ಜನರಿಂದ ಒಂದು ಬೆಳಗ್ಗೆಯಲ್ಲಿ ಕೆಳಗಿನ ಎರಡು ಕೆಲಸ ಖಂಡಿತ ಮುಗಿಯುತ್ತವೆ.

ಮೊದಲನೆಯದು ಬಾಳೆ ಗುಂಡಿ. ಬಚ್ಚಲ ನೀರು ಬರುವ ಕಡೆ ಆರು ಅಡಿ ಅಗಲದ ದುಂಡನೆಯ ಗುಂಡಿ, ಆಳ ಎರಡೂವರೆ ಅಡಿ. ತೆಗೆದ ಮಣ್ಣನ್ನು ಸುತ್ತ ಬದುವಾಗಿ ಏರಿಸಿ, ಅದರ ಮೇಲೆ ಐದು ಬಾಳೆ ಕಂದು, ನಡುನಡುವೆ ಕೆಸು, ಒಳಗಡೆ ಒಣ ಕಸ. ನೀರು, ಕಸ ಎರಡೂ ಬಾಳೆಗೆ ಆಹಾರ.

ಎರಡನೆಯದು ಹೊದಿಕೆ ಪಾತಿ. ನೆಲ ಅಗೆಯದೆ, ಹುಲ್ಲು ಕಳೆ ಇದ್ದಲ್ಲೇ ಅದರ ಮೇಲೆ ರಟ್ಟು, ಗೊಬ್ಬರ, ಸೊಪ್ಪು, ತರಗು ಪದರವಾಗಿ ಹಾಸಿ ಮಾಡುವ ಪಾತಿ. ನಾಲ್ಕು ಅಡಿ ಅಗಲ ಮೀರಬಾರದು, ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು.

ಪಾತಿಯ ಜಾಗ ಆರಿಸುವಾಗ ಜೋನ್ ಎಂಬ ಮಾತು ನೆನಪಿರಲಿ. ದಿನಕ್ಕೆ ಎಷ್ಟು ಸಲ ಅತ್ತ ಹೋಗುತ್ತೀರಿ ಎಂಬುದರ ಮೇಲೆ ಜಾಗವನ್ನು ವಿಂಗಡಿಸುವುದೇ ಜೋನ್. ಕೊತ್ತಂಬರಿ, ದೊಡ್ಡಪತ್ರೆ, ಒಂದೆಲಗ, ಹೊನಗೊನ್ನೆ ಅಡುಗೆಮನೆ ಬಾಗಿಲಿಗೆ ಹತ್ತಿರ. ಕರಿಬೇವು, ಚಕ್ರಮುನಿ, ಬಸಳೆ ಚಪ್ಪರ ನಾಲ್ಕು ಹೆಜ್ಜೆ ಆಚೆ. ಸುವರ್ಣಗೆಡ್ಡೆ, ಪಪ್ಪಾಯಿ, ಸೀಬೆ, ಬೇಲಿಗೆ ಹಬ್ಬುವ ಸೀಮೆಬದನೆ ಕಾಂಪೌಂಡ್ ಪಕ್ಕ. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಹಿತ್ತಲ ಕೊನೆಗೆ ಯಾರೂ ಸೊಪ್ಪು ಕೀಳಲು ಹೋಗುವುದಿಲ್ಲ.

ಹಿತ್ತಲಲ್ಲಿ ತೆಂಗಿನಮರ ಇದ್ದರೆ ಬುಡದ ಸುತ್ತ ಆರು ಅಡಿ ಒಳಗೆ ಆಳವಾಗಿ ಅಗೆಯಬೇಡಿ. ಮರ ಉಣ್ಣುವ ಬೇರು ಹೆಚ್ಚಾಗಿ ಅಲ್ಲೇ ಇರುವುದು. ಅಲ್ಲಿ ಹೊದಿಕೆ ಮಾತ್ರ.

ಬಾಳೆ ಗುಂಡಿ ಎಲ್ಲರಿಗೂ ಆಗುವುದಿಲ್ಲ. ತೆರೆದ ಬಾವಿ, ಕೊಳವೆಬಾವಿ ಐವತ್ತು ಅಡಿ ಒಳಗಿದ್ದರೆ ಬಿಟ್ಟುಬಿಡಿ. ಶೌಚಾಲಯದ ನೀರು ಇದಕ್ಕೆ ಸೇರಲೇಬಾರದು. ಬಚ್ಚಲಿಗೆ ಫಿನಾಯಿಲ್, ಆ್ಯಸಿಡ್, ಬ್ಲೀಚಿಂಗ್ ಪುಡಿ ಸುರಿಯುವ ರೂಢಿ ಇದ್ದರೆ ಅದನ್ನು ನಿಲ್ಲಿಸಿದ ಮೇಲೆಯೇ ನೀರು ತಿರುಗಿಸಿ.

ಹಂತ 5: ಸಾಮಾನು ಒಟ್ಟುಮಾಡುವುದು

ಉಪಕರಣ ಕೊಳ್ಳಬೇಡಿ. ಗುದ್ದಲಿ, ಹಾರೆ, ಸನಿಕೆ, ಮಚ್ಚು, ಕುಡುಗೋಲು, ಬಾಂಡ್ಲಿ ಒಂದೊಂದು ಮನೆಯಿಂದ ಒಂದೊಂದು ಬರಲಿ. ಹಿಡಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ, ಸಂಜೆ ಜಗಳ ಇರುವುದಿಲ್ಲ. ಆದರೆ ಬಂದ ಉಪಕರಣವನ್ನು ಗೇಟಿನ ಬಳಿಯೇ ತೊಳೆಸಿ. ಮೆಣಸಿನ ಬಳ್ಳಿಯ ಸೊರಗು ರೋಗ, ಶುಂಠಿಯ ಕೊಳೆರೋಗ ಗುದ್ದಲಿಗೆ ಅಂಟಿದ ಮಣ್ಣಿನಲ್ಲೇ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತವೆ. ಬೂಟಿನ ಮಣ್ಣಿಗೂ ಇದೇ ಮಾತು.

ಇನ್ನು ಹೊದಿಕೆಯ ಸಾಮಾನು. ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದದ ಒಂದು ಪಾತಿಗೆ ಒಂದು ಅಡಿ ಎತ್ತರ ತರಗು ಹಾಕಲು ಹತ್ತು-ಹನ್ನೆರಡು ಗೋಣಿಚೀಲ ಬೇಕು. ವಾರದಲ್ಲಿ ಅದು ಅರ್ಧಕ್ಕೆ ಕುಗ್ಗುತ್ತದೆ. ಇದನ್ನು ಕಡಿಮೆ ಅಂದಾಜು ಮಾಡಿದರೆ ಅರ್ಧ ಪಾತಿ ಬೆತ್ತಲಾಗಿ ಉಳಿಯುತ್ತದೆ. ರಾಗಿ ಹುಲ್ಲು, ಬತ್ತದ ಹುಲ್ಲು, ಅಡಿಕೆ ಸಿಪ್ಪೆ, ತೆಂಗಿನ ಗರಿ, ಹಳೆಯ ಕಾಫಿ ಸಿಪ್ಪೆ, ಸಿಲ್ವರ್ ಓಕ್ ಎಲೆ ಯಾವುದಾದರೂ ಆದೀತು. ಹಸಿ ಸೊಪ್ಪಿಗೆ ಗ್ಲಿರಿಸಿಡಿಯಾ, ಹಾಲವಾಣ ಉತ್ತಮ. ರಟ್ಟಿನ ಡಬ್ಬಿಗಳನ್ನು ದಿನಸಿ ಅಂಗಡಿಯಲ್ಲಿ ಕೇಳಿ, ಪ್ಲಾಸ್ಟಿಕ್ ಟೇಪು, ಪಿನ್ನು ಪೂರ್ತಿ ಕಿತ್ತುಹಾಕಿ.

ಇಲ್ಲಿ ಎಚ್ಚರ ತಪ್ಪುವ ಜಾಗಗಳು ಹಲವು. ಹುಲ್ಲು ಕೊಡುವ ರೈತರನ್ನು ಆ ಹೊಲಕ್ಕೆ ಕಳೆನಾಶಕ ಹೊಡೆದಿದ್ದರೇ ಎಂದು ಕೇಳಿಯೇ ತನ್ನಿ. ಕಾಂಗ್ರೆಸ್ ಗಿಡ ಹೂ ಬಿಟ್ಟಿದ್ದರೆ ಹೊದಿಕೆಗೆ ಬೇಡವೇ ಬೇಡ. ಬೀಜ ಉದುರುವುದಲ್ಲದೆ, ಬರಿಗೈಯಲ್ಲಿ ಹಿಡಿದವರಿಗೆ ಚರ್ಮದ ಅಲರ್ಜಿ, ಕೆಮ್ಮು ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಕಾಡಿನ ತರಗಿನ ಬಗ್ಗೆ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ವೈರಸ್ ಉಣ್ಣೆಗಳ ಕಡಿತದಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಉಣ್ಣೆಗಳ ಹಾವಳಿ ಹೆಚ್ಚು, ಅವು ಇರುವುದು ಇದೇ ಒಣ ತರಗಿನಲ್ಲಿ. ನಿಮ್ಮ ಕೂಟ ಮೇ ತಿಂಗಳಲ್ಲಾದರೆ ತರಗು ಒಟ್ಟುಮಾಡುವ ಹೊತ್ತು ಸರಿಯಾಗಿ ಅದೇ ಆಗುತ್ತದೆ. ಆ ತಾಲ್ಲೂಕುಗಳಲ್ಲಿ ಕಾಡಿನಿಂದ ಒಂದು ಚೀಲ ತರಗೂ ತರಬೇಡಿ. ಮನೆಯಂಗಳದ ಎಲೆ, ಹುಲ್ಲು, ಅಡಿಕೆ ಸಿಪ್ಪೆಯಲ್ಲೇ ಮುಗಿಸಿ. ಹತ್ತಿರದಲ್ಲಿ ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ, ಕೂಟವನ್ನು ಮುಂದೆ ಹಾಕಿ.

ಜೀವಾಮೃತ, ಅಂದರೆ ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿಸಿದ ದ್ರವಗೊಬ್ಬರ ಬೇಕೆನ್ನುವವರು ಎರಡು ದಿನ ಮೊದಲೇ ಕಲಸಿಡಬೇಕು. ಶೂನ್ಯ ಬಂಡವಾಳದ ಸಹಜ ಕೃಷಿಯನ್ನು ಪ್ರಚಾರ ಮಾಡಿದ ಸುಭಾಷ್ ಪಾಳೇಕರ್ ಹೇಳುವ ಎಕರೆಯ ಲೆಕ್ಕವನ್ನು ಹಿತ್ತಲಿಗೆ ಇಳಿಸಿದರೆ 20 ಲೀಟರ್ ನೀರಿಗೆ 1 ಕೆ.ಜಿ. ನಾಟಿ ಹಸುವಿನ ಸಗಣಿ, ಅರ್ಧದಿಂದ 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ನೆರಳಲ್ಲಿ ಗೋಣಿ ಮುಚ್ಚಿಟ್ಟು, ದಿನಕ್ಕೆ ಎರಡು ಸಲ ಕೋಲಿನಿಂದ ತಿರುಗಿಸಿ. 48 ಗಂಟೆಯ ಮೇಲೆ ಬಳಸಬಹುದು, ವಾರದೊಳಗೆ ಮುಗಿಸಬೇಕು. ಹಿಟ್ಟಿಗೆ ಹುರುಳಿ, ಕಡಲೆ ಯಾವುದಾದರೂ ಸರಿ. ಮುಚ್ಚಳ ಬಿಗಿದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಮಾತ್ರ ಇಡಬೇಡಿ, ಅನಿಲ ತುಂಬಿ ಒಡೆಯುತ್ತದೆ.

ಹಂತ 6: ಕರೆಯುವುದು

ಕರೆಯುವಾಗ ನಾಲ್ಕು ವಿಷಯ ಸ್ಪಷ್ಟವಾಗಿ ತಿಳಿಸಿ: ಯಾವ ಕೆಲಸ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಏನು ತರಬೇಕು, ಮುಂದಿನ ಸರದಿ ಯಾರ ಮನೆಯದು. ಬೆಳಗ್ಗೆ ಎಂಟಕ್ಕೆ ಶುರು, ಒಂದು ಗಂಟೆಗೆ ಊಟ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ಆನೆ ಓಡಾಡುವ ಊರುಗಳಲ್ಲಿ ಜನ ಕತ್ತಲಾಗುವ ಮೊದಲು ಮನೆ ಸೇರುವ ಹಾಗಿರಲಿ. ಅಲ್ಲಿ ಬಾಳೆ, ಹಲಸನ್ನು ಬೇಲಿಯ ಅಂಚಿಗೆ ಇಡುವ ಯೋಚನೆಯನ್ನೇ ಬಿಡಿ, ಆನೆಯನ್ನು ಕರೆದಂತೆ ಆಗುತ್ತದೆ.

ಪಕ್ಕದ ಮನೆಯವರಿಗೆ ಮೊದಲೇ ಹೋಗಿ ಹೇಳಿ. "ಅಕ್ಕಾ, ಭಾನುವಾರ ಹಿತ್ತಲ ಕೆಲಸಕ್ಕೆ ನಾಲ್ಕು ಜನ ಬರ್ತಾರೆ, ನೀವೂ ಬನ್ನಿ" ಎಂದರೆ ಸಾಕು. ನಿಮ್ಮ ಬಸಿಗಾಲುವೆಯ ನೀರು ಅವರ ಕಾಂಪೌಂಡಿಗೆ ಹೋಗುವಂತಿದ್ದರೆ ಅವರ ಒಪ್ಪಿಗೆ ಇಲ್ಲದೆ ಗುದ್ದಲಿ ಎತ್ತಬೇಡಿ. ಹಿರಿಯರೊಬ್ಬರು ಬರುವಂತೆ ನೋಡಿಕೊಳ್ಳಿ, ಆ ಜಾಗದಲ್ಲಿ ಮೊದಲು ಏನಿತ್ತು, ನೀರು ಎಲ್ಲಿ ನಿಲ್ಲುತ್ತಿತ್ತು ಎಂದು ಅವರಿಗೆ ಗೊತ್ತಿರುತ್ತದೆ.

ಹಂತ 7: ಆ ಬೆಳಗ್ಗೆ

ಮೊದಲ ಅರ್ಧ ಗಂಟೆ ಎಲ್ಲರೂ ಹಿತ್ತಲು ಸುತ್ತಬೇಕು. ನೀವು ಬರೆದ ನೀರಿನ ಹಾಳೆ ಕೈಯಲ್ಲಿರಲಿ. ಭಾಷಣ ಇಷ್ಟೇ. ಆಮೇಲೆ ನಾಲ್ಕೈದು ಜನರ ಮೂರು ಗುಂಪು: ಗುಂಡಿಗೆ ಒಂದು, ಪಾತಿಗೆ ಒಂದು, ಸಾಮಾನು ಹೊರಲು ಮತ್ತು ಅಡುಗೆಗೆ ಒಂದು. ಎರಡು ಗಂಟೆಗೊಮ್ಮೆ ಗುಂಪು ಬದಲಾಗಲಿ. ಇಲ್ಲದಿದ್ದರೆ ಹೆಂಗಸರು ಅಡುಗೆಗೆ, ಗಂಡಸರು ಗುದ್ದಲಿಗೆ ಎಂದು ತಾನಾಗಿ ಹಂಚಿಹೋಗುತ್ತದೆ. ಪಾತಿ ಮಾಡುವುದನ್ನು ಕಲಿಯಲೆಂದೇ ಬಂದವರು ಈರುಳ್ಳಿ ಹೆಚ್ಚಿ ಮನೆಗೆ ಹೋಗುವುದು ಸರಿಯಲ್ಲ.

ಪಾತಿ ಗುಂಪಿನ ಕ್ರಮ ಹೀಗೆ:

1. ಹುಲ್ಲು, ಕಳೆಯನ್ನು ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ದು ಅಲ್ಲೇ ಬಿಡಿ. ಗರಿಕೆ, ಜೇಕು ಇದ್ದರೆ ಮಾತ್ರ ಗೆಡ್ಡೆ ಸಮೇತ ಅಗೆದು ತೆಗೆಯಿರಿ, ಅವು ರಟ್ಟನ್ನು ತೂತು ಮಾಡಿ ಮೇಲೆ ಬರುತ್ತವೆ.
2. ನೆಲಕ್ಕೆ ಚೆನ್ನಾಗಿ ನೀರು ಕೊಡಿ. ಒಣ ನೆಲದ ಮೇಲೆ ರಟ್ಟು ಹಾಸಿದರೆ ಮಳೆ ಬಂದರೂ ಕೆಳಗೆ ಒಣಗಿಯೇ ಇರುತ್ತದೆ.
3. ರಟ್ಟನ್ನು ಬಕೆಟ್ಟಿನಲ್ಲಿ ಅದ್ದಿ, ಒಂದರ ಮೇಲೊಂದು ಅರ್ಧ ಅಡಿ ಏರುವಂತೆ ಹಾಸಿ. ಸಂದು ಬಿಟ್ಟಲ್ಲಿ ಕಳೆ ಬರುತ್ತದೆ. ಅರಸೀಕೆರೆ, ಕಡೂರಿನಂಥ ಗೆದ್ದಲಿನ ನೆಲದಲ್ಲಿ ರಟ್ಟು ತೆಳುವಾಗಿರಲಿ, ಪಾತಿ ಒಣಗಲು ಬಿಡಬೇಡಿ.
4. ಅದರ ಮೇಲೆ ಎರಡು ಇಂಚು ಹಳೆಯ ಕೊಟ್ಟಿಗೆ ಗೊಬ್ಬರ, ನಾಲ್ಕು ಇಂಚು ಹಸಿ ಸೊಪ್ಪು, ಮೇಲೆ ತರಗು. ಪ್ರತಿ ಪದರಕ್ಕೂ ನೀರು.
5. ನೆಡುವ ಕಡೆ ತರಗು ಸರಿಸಿ, ರಟ್ಟಿಗೆ ಅಡ್ಡಡ್ಡ ಸೀಳು ಹಾಕಿ, ಎರಡು ಹಿಡಿ ಮಾಗಿದ ಗೊಬ್ಬರ ತುಂಬಿ ಸಸಿ ನೆಡಿ. ಕಾಂಡದ ಸುತ್ತ ಮೂರು ಇಂಚು ಬೋಳಾಗಿರಲಿ. ಕಾಂಡಕ್ಕೆ ತರಗು ತಾಗಿದರೆ ಬುಡ ಕೊಳೆಯುತ್ತದೆ.

ಇಲ್ಲಿ ಪುಸ್ತಕದ ಅಳತೆಯನ್ನು ಕಣ್ಣುಮುಚ್ಚಿ ಹಿಡಿಯಬೇಡಿ. ದಪ್ಪ ಹೊದಿಕೆ ಎಲ್ಲ ಕಡೆಗೂ ಒಳ್ಳೆಯದು ಎಂಬ ಮಾತು ಮಲೆನಾಡಿನ ಜೂನ್, ಜುಲೈಗೆ ಹೊಂದುವುದಿಲ್ಲ. ಬಿಡದೆ ಸುರಿಯುವ ಮಳೆಯಲ್ಲಿ ಒಂದಡಿ ತರಗು ಬಸವನಹುಳುವಿನ ಮನೆಯಾಗುತ್ತದೆ. ಅಲ್ಲಿ ಮಳೆಗಾಲಕ್ಕೆ ಎರಡು ಇಂಚು ಸಾಕು. ದಪ್ಪ ಹೊದಿಕೆಯನ್ನು ಸೆಪ್ಟೆಂಬರ್ ಕೊನೆಗೆ, ನೆಲ ಒಣಗಲು ಶುರುವಾಗುವ ಮೊದಲು ಹಾಕಿ. ಬಯಲುಸೀಮೆಯವರು ಜೂನ್‌ನಲ್ಲೇ ದಪ್ಪಗೆ ಹಾಸಿ, ಕುಗ್ಗಿದ ಹಾಗೆಲ್ಲ ತುಂಬುತ್ತಿರಿ.

ಬಾಳೆ ಗುಂಡಿಯ ತಳಕ್ಕೆ ದಪ್ಪ ಕಟ್ಟಿಗೆ, ತೆಂಗಿನ ಮಟ್ಟೆ, ಮೇಲೆ ಗರಿ, ಮೇಲೆ ಎಲೆ ತುಂಬಿ ನೆಲದಿಂದ ಎರಡಡಿ ಏರಿಸಿ. ನೀರು ಕಣ್ಣಿಗೆ ಕಾಣುವಂತಿರಬಾರದು, ಕಂಡರೆ ಸೊಳ್ಳೆ ಬರುತ್ತದೆ. ಕಂದು ಆರಿಸುವಾಗ ಕತ್ತಿಯಂತೆ ಸಣ್ಣ ಎಲೆ ಇರುವ ಗಟ್ಟಿ ಕಂದು ತೆಗೆದುಕೊಳ್ಳಿ. ಎಲೆಗಳು ಗುಂಪಾಗಿ ಕುಗ್ಗಿ ನಿಂತಿರುವ ಬುಡದಿಂದ ಕಂದು ತರಬೇಡಿ, ಅದು ವೈರಸ್ ರೋಗದ ಲಕ್ಷಣ.

ಹಳೆಯ ಕಸದ ರಾಶಿ, ತರಗು, ಕಲ್ಲಿನ ಗುಡ್ಡೆಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ ನೋಡಿ, ಹಾವು ಇದ್ದರೆ ಸರಿದು ಹೋಗುತ್ತದೆ. ಕೈಯಲ್ಲಿ ಗಾಯ ಇದ್ದವರು ಬಚ್ಚಲ ನೀರಿನ ಕೆಲಸಕ್ಕೆ ಇಳಿಯಬಾರದು, ಇಲಿಜ್ವರ ಹರಡುವುದು ಹಾಗೆ. ಇಂಬಳ ಕಚ್ಚಿದರೆ ಗಾಬರಿ ಬೇಡ, ಉಗುರಿನಿಂದ ಬಾಯಿ ಬಿಡಿಸಿ ತೊಳೆದರಾಯಿತು.

ಊಟ ಸರಳವಾಗಿರಲಿ. ಹತ್ತೂವರೆಗೆ ಮಜ್ಜಿಗೆ ಇಲ್ಲವೇ ರಾಗಿ ಅಂಬಲಿ. ಮಧ್ಯಾಹ್ನ ಹಿತ್ತಲಲ್ಲೇ ಕಿತ್ತ ಸೊಪ್ಪಿನ ಬಸ್ಸಾರು, ಮುದ್ದೆ, ಮಲೆನಾಡಿನ ಕಡೆ ಕಡುಬು. ಬಾಳೆಲೆಯಲ್ಲಿ ಬಡಿಸಿದರೆ ಉಂಡ ಎಲೆಗಳೇ ಗುಂಡಿಯ ಮೇಲಿನ ಪದರ. ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ ಗೇಟಿನೊಳಗೆ ಬರಬಾರದು.

ಹಂತ 8: ಬೀಜ, ಸಸಿ ಹಂಚಿಕೆ

ಊಟದ ಮೇಲೆ ಅರ್ಧ ಗಂಟೆ ಸಾಕು. ಪೊಟ್ಟಣದ ಮೇಲೆ ಬೆಳೆಯ ಹೆಸರು, ಊರು, ಯಾವ ತಿಂಗಳು ಕೊಯ್ದದ್ದು ಬರೆದಿರಬೇಕು. ಸೋರೆ, ಹೀರೆ, ಕುಂಬಳದಂಥ ಬಳ್ಳಿಗಳು ಅಕ್ಕಪಕ್ಕದ ಬೇರೆ ತಳಿಯೊಂದಿಗೆ ಬೆರೆಯುತ್ತವೆ, ಹಾಗಾಗಿ ತಾಯಿ ಬಳ್ಳಿಯ ಗುಣವೇ ಬರುತ್ತದೆಂದು ಮಾತು ಕೊಡಬೇಡಿ. ಅನುಮಾನ ಇದ್ದ ಬೀಜವನ್ನು ಹತ್ತು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ವಾರದಲ್ಲಿ ಆರಕ್ಕಿಂತ ಕಡಿಮೆ ಮೊಳೆತರೆ ಹಂಚಬೇಡಿ. ಹೈಬ್ರಿಡ್ ಹಣ್ಣಿನಿಂದ ತೆಗೆದ ಬೀಜ ಬೇಡ. ಕೊಳೆ ಬಂದ ಹೊಲದ ಶುಂಠಿ ಗೆಡ್ಡೆಯನ್ನು ಯಾರೇ ಕೊಟ್ಟರೂ ತೆಗೆದುಕೊಳ್ಳಬೇಡಿ.

ಹಂತ 9: ಮುಂದಿನ ಮೂರು ತಿಂಗಳು

ಜನ ಎದ್ದು ಹೋಗುವ ಮೊದಲೇ ಇದನ್ನು ಗೊತ್ತು ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಯಾರು ಎಷ್ಟು ಹೊತ್ತು ಬಂದರು ಎಂದು ಬರೆಯಿರಿ. ಅದೇ ಮುಯ್ಯಿಯ ಲೆಕ್ಕ. ವಯಸ್ಸಾದವರ ಒಂದು ಗಂಟೆಯೂ ಹುಡುಗರ ಒಂದು ಗಂಟೆಯೂ ಸಮ. ಗುದ್ದಲಿ ಹಿಡಿಯಲಾಗದವರು ಬೀಜ ಹಸನು ಮಾಡಿ, ಸಸಿ ಬೆಳೆಸಿ ತೀರಿಸಬಹುದು.

ಮೊದಲ ವಾರ ಮಳೆ ಇಲ್ಲದಿದ್ದರೆ ದಿನ ಬಿಟ್ಟು ದಿನ ನೀರು. ಎರಡನೇ ವಾರ ಒಣಗಿದ ಸಸಿಗಳ ಜಾಗಕ್ಕೆ ಬೇರೆ ಸಸಿ. ಮಳೆಯ ಸಂಜೆಗಳಲ್ಲಿ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬಸವನಹುಳು ಅಲ್ಲಿ ಸೇರುತ್ತವೆ. ಬೆಳಗ್ಗೆ ಕೈಗವಸು ಹಾಕಿ ಆಯ್ದು ಉಪ್ಪುನೀರಿಗೆ ಹಾಕಿ. ಆಫ್ರಿಕಾದ ದೊಡ್ಡ ಜಾತಿಯ ಹುಳುವನ್ನಂತೂ ಬರಿಗೈಯಲ್ಲಿ ಮುಟ್ಟಬೇಡಿ. ತಿಂಗಳಿಗೊಮ್ಮೆ ಬಾಳೆ ಗುಂಡಿಯ ಕಸ ಕುಗ್ಗಿದಷ್ಟು ತುಂಬಿ, ಒಂದು ಬುಡಕ್ಕೆ ತಾಯಿ, ಮಗಳು, ಮೊಮ್ಮಗಳು ಹೀಗೆ ಮೂರು ಕಂದು ಬಿಟ್ಟು ಮಿಕ್ಕದ್ದನ್ನು ತೆಗೆದು ಮುಂದಿನ ಮನೆಗೆ ಕೊಡಿ.

ಮುಂದಿನ ಸರದಿಯ ಮನೆಯವರು ತಮ್ಮ ಹಿತ್ತಲ ನೀರಿನ ಹಾಳೆಯನ್ನು ಈ ಮಳೆಗಾಲದಲ್ಲೇ ಬರೆದಿಟ್ಟುಕೊಳ್ಳಲಿ. ಜುಲೈನ ಒಂದು ಜೋರು ಮಳೆಗೆ ಎಲ್ಲರೂ ಅವರ ಮನೆಗೆ ಕೊಡೆ ಹಿಡಿದು ಹೋಗಿ ಅರ್ಧ ಗಂಟೆ ನೋಡಿ ಬಂದರೆ, ಅಕ್ಟೋಬರ್‌ನ ಕೂಟಕ್ಕೆ ಯಾವ ಕೆಲಸ ಹಿಡಿಯಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.